ಫ್ರೆಂಚ್ ವೈನ್ ಲೇಬಲ್ ಓದೋದು ಹೇಗೆ? ಪಹಣಿ ಓದಿದ ಹಾಗೆ

ಫ್ರೆಂಚ್ ವೈನ್ ಬಾಟಲಿ ಕೈಗೆ ಬಂದಾಗ ಮೊದಲು ಒಂದು ಕೆಲಸ ಮಾಡಿ. ದ್ರಾಕ್ಷಿಯ ಹೆಸರು ಹುಡುಕುವುದನ್ನು ಬಿಟ್ಟುಬಿಡಿ. ಆಸ್ಟ್ರೇಲಿಯಾದ್ದೋ ಚಿಲಿಯದ್ದೋ ನಮ್ಮ ನಂದಿ ಬೆಟ್ಟದ ಕಡೆಯದ್ದೋ ಆದರೆ ಶಿರಾಜ್, ಶಾರ್ಡೊನೆ ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ, ನಮಗೂ ಹಾಗೇ ಕೇಳಿ ಅಭ್ಯಾಸ. ಫ್ರಾನ್ಸಿನವರು ಊರಿನ ಹೆಸರು ಬರೆಯುತ್ತಾರೆ. ಊರು ಹೇಳಿದ ಮೇಲೆ ದ್ರಾಕ್ಷಿ ಯಾವುದು ಅಂತ ನಿಮಗೇ ಗೊತ್ತಿರಬೇಕು ಅನ್ನೋದು ಅವರ ಲೆಕ್ಕ. ಸ್ವಲ್ಪ ಜಂಭ, ನಿಜ. ಆದರೆ ನಾವೂ ದಿನಸಿ ಅಂಗಡಿಯಲ್ಲಿ "ಬ್ಯಾಡಗಿ ಕಾಲು ಕೆಜಿ ಕೊಡಿ" ಅಂತೀವಿ, ಮೆಣಸಿನಕಾಯಿ ಅನ್ನೋ ಪದವನ್ನೇ ಸೇರಿಸುವುದಿಲ್ಲ ಅಲ್ವಾ?

ನಾನು ಫ್ರಾನ್ಸಿನ ಲಿಯೋನ್‌ನಲ್ಲಿ ಇದ್ದೇನೆ. ಇಲ್ಲಿ ಪ್ರತಿ ಸೆಪ್ಟೆಂಬರ್‌ಗೆ ಸೂಪರ್ ಮಾರ್ಕೆಟ್‌ಗಳಲ್ಲಿ ವೈನ್ ಜಾತ್ರೆ ನಡೆಯುತ್ತದೆ. ಮರದ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ, ಬೆಲೆ ಇಳಿಸಿ, ಗೋಡೆ ತುಂಬ ಬಾಟಲಿ ಜೋಡಿಸಿರುತ್ತಾರೆ. ಮೊದಲ ವರ್ಷ ಆ ಗೋಡೆಯ ಮುಂದೆ ಅರ್ಧ ಗಂಟೆ ನಿಂತು, ಕೊನೆಗೆ ಚಿನ್ನದ ಬಣ್ಣ ಜಾಸ್ತಿ ಇದ್ದ ಬಾಟಲಿ ತಗೊಂಡು ಬಂದೆ. ಆ ತಪ್ಪು ನೀವು ಮಾಡಬೇಡಿ ಅಂತ ಇದನ್ನು ಬರೆಯುತ್ತಿದ್ದೇನೆ.

ಜಿಲ್ಲೆ, ತಾಲ್ಲೂಕು, ಊರು, ಸರ್ವೆ ನಂಬರ್

ಲೇಬಲ್ ಅಂದರೆ ಒಂದು ವಿಳಾಸ. ಪಹಣಿಯಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಇರುತ್ತದಲ್ಲ, ಹಾಗೆ. ಬೋರ್ಡೊ ಅಂತ ಮಾತ್ರ ಬರೆದಿದ್ದರೆ ಜಿಲ್ಲೆಯಷ್ಟೇ ಗೊತ್ತಾಯಿತು, ಆ ಜಿಲ್ಲೆಯ ಯಾವ ಮೂಲೆಯ ದ್ರಾಕ್ಷಿ ಬೇಕಾದರೂ ಅದರಲ್ಲಿರಬಹುದು. ಓ-ಮೆಡಾಕ್ ಅಂತಿದ್ದರೆ ತಾಲ್ಲೂಕಿಗೆ ಬಂದಿರಿ. ಪೊಯಾಕ್, ಮಾರ್ಗೊ ಅಂತಿದ್ದರೆ ಊರಿಗೆ ಬಂದಿರಿ. ಜಾಗ ಚಿಕ್ಕದಾದ ಹಾಗೆ ನಿಯಮ ಬಿಗಿ, ಬೆಲೆಯೂ ಸಾಮಾನ್ಯವಾಗಿ ಜಾಸ್ತಿ.

ಈ ವಿಳಾಸ ಎಲ್ಲಿರುತ್ತದೆ? ದೊಡ್ಡ ಅಕ್ಷರದಲ್ಲಿ ಅಲ್ಲ. ಕೆಳಗೆ, ಸಣ್ಣಕ್ಷರದಲ್ಲಿ, "ಅಪೆಲಾಸಿಯೊಂ" ಅಂತ ಶುರುವಾಗಿ "ಕಾಂತ್ರೊಲೇ" ಅಂತ ಮುಗಿಯುವ ಒಂದು ಸಾಲು ಇರುತ್ತದೆ. ಇವೆರಡರ ಮಧ್ಯೆ ಇರುವುದೇ ನಿಮಗೆ ಬೇಕಾದ ಹೆಸರು. "ಅಪೆಲಾಸಿಯೊಂ ಮಾರ್ಗೊ ಕಾಂತ್ರೊಲೇ" ಅಂದರೆ ಮಾರ್ಗೊ ಅನ್ನೋ ಹೆಸರಿಗೆ ಕಾನೂನಿನ ಕಾವಲು ಇದೆ, ಆ ಗಡಿಯೊಳಗೆ ಬೆಳೆದ ದ್ರಾಕ್ಷಿ, ಅಲ್ಲಿನ ನಿಯಮದ ಪ್ರಕಾರ ಮಾಡಿದ ವೈನ್ ಅಂತ. ಇದೇ ಎಓಸಿ. ಕೆಲವರು ಯುರೋಪಿನ ಹೊಸ ಹೆಸರು ಎಓಪಿ ಅಂತ ಹಾಕುತ್ತಾರೆ, ನಿಮ್ಮ ಮಟ್ಟಿಗೆ ಎರಡೂ ಒಂದೇ. ಶಾಂಪೇನ್‌ಗೆ ಮಾತ್ರ ಈ ಸಾಲಿನ ಹಂಗಿಲ್ಲ, ಆ ಹೆಸರೊಂದೇ ಸಾಕು.

ಇದರ ಹಿಂದೆ ಒಂದು ಕತೆ ಇದೆ. 19ನೇ ಶತಮಾನದ ಕೊನೆಯ ಭಾಗದಲ್ಲಿ ಫಿಲಾಕ್ಸೆರಾ ಅನ್ನೋ ಹೇನಿನಂಥ ಹುಳ ಬೇರು ತಿಂದು ಫ್ರಾನ್ಸಿನ ದ್ರಾಕ್ಷಿ ತೋಟಗಳನ್ನು ಹಾಳು ಮಾಡಿತು. ವೈನ್ ಸಾಲದೆ ಬಂದಾಗ ಕಲಬೆರಕೆ ಶುರುವಾಯಿತು, ಎಲ್ಲಿಯದ್ದೋ ವೈನ್ ತಂದು ಹೆಸರಾದ ಊರಿನ ಚೀಟಿ ಅಂಟಿಸಿ ಮಾರಿದರು. 1907ರಲ್ಲಿ ದಕ್ಷಿಣದ ಬೆಳೆಗಾರರು ಬೀದಿಗಿಳಿದರು, 1911ರಲ್ಲಿ ಶಾಂಪೇನ್ ಸೀಮೆಯಲ್ಲಿ ಗಲಭೆಯೇ ಆಯಿತು. ಕೊನೆಗೆ 1935ರಲ್ಲಿ ಎಓಸಿ ಕಾನೂನು ಬಂತು, ಮರುವರ್ಷ ಮೊದಲ ಹೆಸರುಗಳಿಗೆ ಮುದ್ರೆ ಬಿತ್ತು. ಆ ಮೊದಲ ತಂಡದಲ್ಲಿದ್ದ ಶಾತೊನಫ್-ದ್ಯು-ಪಾಪ್ ಊರಿನವರಿಗೆ ನಿಯಮ ಅಂದರೆ ಎಷ್ಟು ಪ್ರೀತಿ ಅಂದರೆ, 1954ರಲ್ಲಿ ಅಲ್ಲಿನ ಮೇಯರ್ ಊರಿನ ಎಲ್ಲೆಯೊಳಗೆ ಹಾರುವ ತಟ್ಟೆ ಇಳಿಯಬಾರದು ಅಂತ ಆದೇಶ ಹೊರಡಿಸಿದರು. ತಮಾಷೆ ಅಲ್ಲ, ನಿಜವಾಗಿ.

ಎಓಸಿ ಬರೀ ಗಡಿ ಹಾಕುವುದಿಲ್ಲ. ಯಾವ ತಳಿ ಹಾಕಬಹುದು, ಹೆಕ್ಟೇರಿಗೆ ಎಷ್ಟು ಇಳುವರಿ ತೆಗೆಯಬಹುದು, ಬಳ್ಳಿ ಹೇಗೆ ಸವರಬೇಕು, ಮದ್ಯಾಂಶ ಕನಿಷ್ಠ ಎಷ್ಟಿರಬೇಕು, ಎಲ್ಲವನ್ನೂ ಹೇಳುತ್ತದೆ. ನಂಜನಗೂಡು ರಸಬಾಳೆಗೆ ಇರುವ ಭೌಗೋಳಿಕ ಗುರುತಿನ ಇನ್ನೂ ಬಿಗಿಯಾದ ಅಣ್ಣ ಅಂದುಕೊಳ್ಳಿ.

ಎಓಸಿಯ ಕೆಳಗೆ ಇನ್ನೆರಡು ಮೆಟ್ಟಿಲಿದೆ. ಒಂದು ಐಜಿಪಿ: ಸೀಮೆ ದೊಡ್ಡದು, ನಿಯಮ ಸಡಿಲ. ಹಿಂದೆ ವ್ಯಾಂ ದ ಪೇಯಿ ಅಂತಿದ್ದದ್ದೇ ಇದು. ದಕ್ಷಿಣದ ಪೇಯಿ ದೊಕ್ ಬಾಟಲಿಗಳು ಈ ಗುಂಪಿನವು, ಅದರಲ್ಲಿ ದ್ರಾಕ್ಷಿ ಹೆಸರು ಸಾಮಾನ್ಯವಾಗಿ ಎದುರಿಗೇ ಇರುತ್ತದೆ. ಹೊಸಬರಿಗೆ ಶುರು ಮಾಡಲು ಇದೇ ಸುಲಭ. ತೀರ ಕೆಳಗಿನದು ವ್ಯಾಂ ದ ಫ್ರಾನ್ಸ್, ದೇಶದ ಯಾವ ಮೂಲೆಯದ್ದಾದರೂ ಆಗಬಹುದು. ಆದರೆ ಹುಷಾರು, ಕೆಳಗಿನ ಮೆಟ್ಟಿಲು ಅಂದರೆ ಕೆಟ್ಟ ವೈನ್ ಅಂತ ಅಲ್ಲ. ಊರಿನ ನಿಯಮ ಒಪ್ಪದೆ ಬೇರೆ ತಳಿ ಹಾಕಿದವರು, ತಮ್ಮದೇ ರೀತಿಯಲ್ಲಿ ಮಾಡುವವರು, ಬೇಕಂತಲೇ ಎಓಸಿ ಬಿಟ್ಟು ವ್ಯಾಂ ದ ಫ್ರಾನ್ಸ್ ಅಂತ ಹಾಕಿಕೊಳ್ಳುತ್ತಾರೆ, ಅಂಥ ಕೆಲವು ಬಾಟಲಿ ಪಕ್ಕದ ಎಓಸಿಗಿಂತ ದುಬಾರಿ. ಮೆಟ್ಟಿಲು ಹೇಳುವುದು ನಿಯಮ ಎಷ್ಟು ಬಿಗಿ ಅಂತ. ರುಚಿಯ ಗ್ಯಾರಂಟಿ ಯಾರೂ ಕೊಡುವುದಿಲ್ಲ.

ಒಂದು ಬಾಟಲಿ ಎದುರಿಗಿಟ್ಟುಕೊಂಡು

ಈಗ ಅಡುಗೆಮನೆ ಕಟ್ಟೆಯ ಮೇಲೆ ಒಂದು ಬಾಟಲಿ ಇದೆ. ಭುಜ ಎತ್ತಿದ, ನೆಟ್ಟಗಿನ ಬಾಟಲಿ, ಅಂದರೆ ಬೋರ್ಡೊ ಕಡೆಯ ಆಕಾರ (ಬರ್ಗಂಡಿಯದ್ದಾದರೆ ಭುಜ ಇಳಿಬಿದ್ದಿರುತ್ತದೆ, ಅಲ್ಸಾಸ್‌ನದ್ದಾದರೆ ಸಪೂರ, ಉದ್ದ). ಕೆನೆ ಬಣ್ಣದ ಕಾಗದ. ಮೇಲೆ ಎರಡು ಗೋಪುರದ ಮನೆಯ ಗೆರೆಚಿತ್ರ. ಅದರ ಕೆಳಗೆ ದೊಡ್ಡದಾಗಿ ಶಾತೊ ಇಂಥದ್ದು ಅಂತ ಹೆಸರು. ಶಾತೊ ಅಂದರೆ ಕೋಟೆಮನೆ ಅಂತ ಅರ್ಥವೇನೋ ಹೌದು, ಆದರೆ ಇಲ್ಲಿ ಅದು ತೋಟದ ಹೆಸರು ಅಷ್ಟೇ. ಆ ತೋಟದ ದ್ರಾಕ್ಷಿಯಿಂದಲೇ ವೈನ್ ಮಾಡಿರಬೇಕು, ಗೋಪುರ ಇರಲೇಬೇಕು ಅಂತ ಏನಿಲ್ಲ. ತಗಡಿನ ಶೆಡ್ ಇರುವ ಶಾತೊಗಳೂ ಇವೆ.

ಹೆಸರಿನ ಕೆಳಗೆ 2018. ಅದು ಕೊಯ್ಲಿನ ವರ್ಷ, ಬಾಟಲಿಗೆ ತುಂಬಿದ ವರ್ಷ ಅಲ್ಲ. ಅದರ ಕೆಳಗೆ ಓ-ಮೆಡಾಕ್. ಇನ್ನೂ ಕೆಳಗೆ, ಕನ್ನಡಕ ಹಾಕಿಕೊಂಡರೆ ಕಾಣುವಷ್ಟು ಸಣ್ಣದಾಗಿ "ಅಪೆಲಾಸಿಯೊಂ ಓ-ಮೆಡಾಕ್ ಕಾಂತ್ರೊಲೇ". ಇಲ್ಲಿಗೆ ನನಗೆ ಬೇಕಾದ ಮುಕ್ಕಾಲು ಪಾಲು ವಿಷಯ ಸಿಕ್ಕಿತು. ಈ ಹೆಸರಿನಲ್ಲಿ ಕೆಂಪು ವೈನ್ ಮಾತ್ರ ಮಾಡುತ್ತಾರೆ. ದ್ರಾಕ್ಷಿ ಮುಖ್ಯವಾಗಿ ಕ್ಯಾಬರ್ನೆ ಸೊವಿನ್ಯೊಂ ಮತ್ತು ಮೆರ್ಲೊ, ಬೆರಕೆ.

ಮೂಲೆಯಲ್ಲಿ "ಕ್ರೂ ಬೂರ್ಜ್ವಾ" ಅಂತ ಇದೆ. ಇದು ಮೆಡಾಕ್ ಸೀಮೆಯ ಒಂದು ದರ್ಜೆ, ರುಚಿ ನೋಡಿ ಕೊಡುತ್ತಾರೆ, ಮುಂದೆ ಹೇಳುವ 1855ರ ಪಟ್ಟಿಗಿಂತ ಕೆಳಗೆ. ಅಡಿಯಲ್ಲಿ "ಮಿ ಆಂ ಬುತೇಯ್ ಒ ಶಾತೊ", ಅಂದರೆ ಬಾಟಲಿಗೆ ತುಂಬಿದ್ದು ಆ ತೋಟದಲ್ಲೇ. ಒಂದು ಕಾಲದಲ್ಲಿ ವೈನನ್ನು ಪೀಪಾಯಿಯಲ್ಲಿ ವ್ಯಾಪಾರಿಗೆ ಕಳಿಸಿಬಿಡುತ್ತಿದ್ದರು, ಆತ ಅದರಲ್ಲಿ ಏನು ಬೆರೆಸುತ್ತಿದ್ದ ದೇವರಿಗೇ ಗೊತ್ತು. ಅದಕ್ಕೇ ಈ ಸಾಲಿಗೆ ಬೆಲೆ ಬಂತು. ಬರ್ಗಂಡಿಯಲ್ಲಿ ಶಾತೊ ಬದಲು "ದೊಮೇನ್" ಅಂತಿರುತ್ತದೆ. ಹಿಂಭಾಗದ ಚೀಟಿಯಲ್ಲಿ ಶೇ. 13.5, 75 ಸೆಂಟಿಲೀಟರ್, ಸಲ್ಫೈಟ್ ಇದೆ ಅನ್ನೋ ಸೂಚನೆ, ಗರ್ಭಿಣಿಯರು ಕುಡಿಯಬಾರದು ಅನ್ನೋ ಚಿತ್ರ. ಅಲ್ಲೇ "ಗುಲಾಬಿಯ ಪರಿಮಳ, ಹಳೆ ಚರ್ಮದ ನೆನಪು" ಅಂತ ಕವಿತೆಯೂ ಇರುತ್ತದೆ, ಅದನ್ನು ಓದಿ ನಕ್ಕು ಸುಮ್ನೆ ಬಿಡಿ.

ಗ್ರಾಂ ಕ್ರೂ: ಒಂದೇ ಪದ, ಐದು ಅರ್ಥ

ಜನ ಎಡವುವುದು ಇಲ್ಲೇ. ನಾನು ಮೊದಲ ವರ್ಷ ತಂದ ಚಿನ್ನದ ಅಕ್ಷರದ ಬಾಟಲಿಯ ಮೇಲೂ ಇದೇ ಇತ್ತು. "ಕ್ರೂ" ಅಂದರೆ ಹೆಚ್ಚುಕಡಿಮೆ ಬೆಳೆದ ಜಾಗ. "ಗ್ರಾಂ" ಅಂದರೆ ದೊಡ್ಡದು. ಆದರೆ ಯಾರನ್ನು ದೊಡ್ಡವರು ಅಂತ ಕರೆಯಬೇಕು ಅನ್ನೋದರಲ್ಲಿ ಒಂದೊಂದು ಸೀಮೆಗೆ ಒಂದೊಂದು ಪದ್ಧತಿ.

ಬೋರ್ಡೊದ ಎಡದಂಡೆಯಲ್ಲಿ ದರ್ಜೆ ಸಿಗುವುದು ಮನೆತನಕ್ಕೆ, ಅಂದರೆ ಶಾತೊಗೆ. 1855ರ ಪ್ಯಾರಿಸ್ ವಸ್ತುಪ್ರದರ್ಶನಕ್ಕೆ ಮೂರನೇ ನೆಪೋಲಿಯನ್ ಪಟ್ಟಿ ಕೇಳಿದ, ವೈನ್ ದಲ್ಲಾಳಿಗಳು ಆಗ ನಡೆಯುತ್ತಿದ್ದ ಬೆಲೆ ನೋಡಿ ಐದು ದರ್ಜೆ ಮಾಡಿ ಕೊಟ್ಟರು. ಲಾಫಿತ್, ಲಾತೂರ್, ಮಾರ್ಗೊ (ಊರಲ್ಲ, ಅದೇ ಹೆಸರಿನ ಶಾತೊ), ಓ-ಬ್ರಿಯೊಂ ಮೊದಲ ದರ್ಜೆ. ಆ ಪಟ್ಟಿ ಇವತ್ತಿಗೂ ನಡೆಯುತ್ತಿದೆ! ಮೇಲಿನ ಸಾಲಿನಲ್ಲಿ ಆದ ದೊಡ್ಡ ಬದಲಾವಣೆ ಒಂದೇ, 1973ರಲ್ಲಿ ಮೂತೊಂ ರೋಥ್‌ಶೀಲ್ಡ್ ಎರಡನೆಯದರಿಂದ ಮೊದಲನೆಯದಕ್ಕೆ ಏರಿತು. ಲೇಬಲ್ ಮೇಲೆ "ಗ್ರಾಂ ಕ್ರೂ ಕ್ಲಾಸೆ ಆಂ 1855" ಅಂತ ಇದ್ದರೆ ಈ ಪಟ್ಟಿಯ ಮನೆ ಅಂತ ಅರ್ಥ. ಕೆಂಪು ವೈನಿನದು ಈಗ 61 ಮನೆಗಳಿವೆ. ಎಷ್ಟನೇ ದರ್ಜೆ ಅಂತ ಬಹಳ ಜನ ಬರೆಯುವುದೇ ಇಲ್ಲ. ಐದನೆಯವರು ಯಾಕೆ ಹೇಳಿಕೊಳ್ಳುತ್ತಾರೆ, ಹೇಳಿ? ಇನ್ನೊಂದು ವಿಚಿತ್ರ: ದರ್ಜೆ ಇರುವುದು ಮನೆತನಕ್ಕೆ, ಮಣ್ಣಿಗಲ್ಲ. ಅದೇ ಅಪೆಲಾಸಿಯೊಂ ಒಳಗೆ ಪಕ್ಕದವನ ತೋಟ ಕೊಂಡು ಸೇರಿಸಿಕೊಂಡರೆ ಆ ದ್ರಾಕ್ಷಿಗೂ ದರ್ಜೆ ಬಂದುಬಿಡುತ್ತದೆ.

ಬಲದಂಡೆಯ ಸ್ಯಾಂತೆಮಿಲಿಯೊಂ 1855ರಲ್ಲಿ ಪಟ್ಟಿಯಲ್ಲೇ ಇರಲಿಲ್ಲ. ಅವರು 1955ರಲ್ಲಿ ತಮ್ಮದೇ ಪಟ್ಟಿ ಮಾಡಿಕೊಂಡರು, ಸುಮಾರು ಹತ್ತು ವರ್ಷಕ್ಕೊಮ್ಮೆ ಮರುಪರೀಕ್ಷೆ. ಕೇಳಲು ನ್ಯಾಯವಾಗಿದೆ, ಆದರೆ ಇತ್ತೀಚೆಗೆ ಮತ್ತೆ ಮತ್ತೆ ಕೋರ್ಟು, ಜಗಳ. 2022ರ ಪಟ್ಟಿ ಬರುವ ಮುಂಚೆ ಶೆವಾಲ್ ಬ್ಲಾಂ, ಒಜೋನ್, ಆಂಜೆಲ್ಯುಸ್ ಎಂಬ ಮೂರು ಹೆಸರಾದ ಮನೆಗಳು ನಮಗೆ ಇದರ ಸಹವಾಸವೇ ಬೇಡ ಅಂತ ಹೊರಗೆ ಹೋದವು. ಈಗ ತುತ್ತತುದಿಯ ಎ ದರ್ಜೆಯಲ್ಲಿ ಇರುವುದು ಪಾವಿ ಮತ್ತು ಫಿಜಾಕ್ ಎರಡೇ. ನಿಮಗೆ ಬೇಕಾದ ವಿಷಯ ಇದು: "ಸ್ಯಾಂತೆಮಿಲಿಯೊಂ ಗ್ರಾಂ ಕ್ರೂ" ಅಂತ ಮಾತ್ರ ಇದ್ದು, ಕೊನೆಗೆ "ಕ್ಲಾಸೆ" ಅನ್ನೋ ಪದ ಇಲ್ಲದಿದ್ದರೆ ಅದು ಆ ಪಟ್ಟಿಯದ್ದಲ್ಲ. ಅದು ಇಳುವರಿ ಸ್ವಲ್ಪ ಕಡಿಮೆ, ಮಾಗಿಸುವುದು ಸ್ವಲ್ಪ ಜಾಸ್ತಿ ಅನ್ನೋ ಇನ್ನೊಂದು ಎಓಸಿ ಅಷ್ಟೇ, ನೂರಾರು ಮನೆಗಳು ಹಾಕಿಕೊಳ್ಳುತ್ತವೆ. ನನ್ನ ಚಿನ್ನದಕ್ಷರ ಇದೇ. ಕೆಟ್ಟದ್ದೇನಲ್ಲ, ಆದರೆ ನಾನು ಊಟಕ್ಕೆ ಕರೆದವರ ಮುಂದೆ ಅದನ್ನು ಹಿಡಿದುಕೊಂಡ ಠೀವಿ ಇದೆಯಲ್ಲ, ಅದು ಜಾಸ್ತಿ ಆಯಿತು. ಪಕ್ಕದ ಪೊಮೆರೊಲ್ ಊರಿಗೆ ಪಟ್ಟಿಯೇ ಇಲ್ಲ. ಪೆತ್ರ್ಯುಸ್ ಅಲ್ಲಿಯದ್ದು, ಯಾವ ದರ್ಜೆಯೂ ಇಲ್ಲದೆ ಭಾರೀ ಬೆಲೆಗೆ ಮಾರಾಟವಾಗುತ್ತದೆ.

ಬರ್ಗಂಡಿಗೆ ಬಂದರೆ ಎಲ್ಲ ತಿರುಗುಮುರುಗು. ಇಲ್ಲಿ ದರ್ಜೆ ಮಣ್ಣಿಗೆ, ಪಕ್ಕಾ ಸರ್ವೆ ನಂಬರ್ ಪದ್ಧತಿ. ಒಂದೊಂದು ತುಂಡು ಜಮೀನಿಗೂ ಹೆಸರಿದೆ, ಅದಕ್ಕೆ ಕ್ಲಿಮಾ ಅನ್ನುತ್ತಾರೆ, 2015ರಲ್ಲಿ ಯುನೆಸ್ಕೊ ಇವುಗಳನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದೆ. ಕೆಳಗಿಂದ ನೋಡಿ. "ಬೂರ್ಗೋನ್" (ಬರ್ಗಂಡಿಯ ಫ್ರೆಂಚ್ ಹೆಸರು) ಅಂತ ಇದ್ದರೆ ಇಡೀ ಸೀಮೆಯದ್ದು. "ಜೆವ್ರೆ-ಶಾಂಬೆರ್ತ್ಯಾಂ" ಅಂತ ಇದ್ದರೆ ಆ ಊರಿನದು. ಊರಿನ ಹೆಸರಿನ ಜೊತೆ "ಪ್ರೆಮಿಯೆ ಕ್ರೂ", ಅಥವಾ 1ರ ಪಕ್ಕ ಪುಟ್ಟ ಅಕ್ಷರ ಸೇರಿಸಿ ಕ್ರೂ ಅಂತ ಇದ್ದರೆ, ಆ ಊರಿನ ಒಳ್ಳೆಯ ಇಳಿಜಾರು. ಎಲ್ಲಕ್ಕಿಂತ ಮೇಲಿನ ಗ್ರಾಂ ಕ್ರೂ ಆದರೆ ಸಾಮಾನ್ಯವಾಗಿ ಊರಿನ ಹೆಸರೇ ಇರುವುದಿಲ್ಲ, ಜಮೀನಿನ ಹೆಸರು ಮಾತ್ರ: "ಶಾಂಬೆರ್ತ್ಯಾಂ".

ಇಲ್ಲಿ ಊರಿನವರು ಮಾಡಿದ ಚಾಲಾಕಿತನ ನೋಡಿ. ಊರಿನ ಮೂಲ ಹೆಸರು ಬರೀ ಜೆವ್ರೆ. 1847ರಲ್ಲಿ ತಮ್ಮ ಅತ್ಯಂತ ಹೆಸರಾದ ತೋಟದ ಹೆಸರನ್ನು ಬಾಲಕ್ಕೆ ಕಟ್ಟಿಕೊಂಡು ಜೆವ್ರೆ-ಶಾಂಬೆರ್ತ್ಯಾಂ ಆದರು. 1879ರಲ್ಲಿ ಪ್ಯುಲಿನ್ಯಿ ಮತ್ತು ಶಾಸಾನ್ಯ್ ಎರಡೂ ಊರು ಮೊಂರಾಶೆ ಅನ್ನೋ ಒಂದೇ ತೋಟದ ಹೆಸರು ಹಂಚಿಕೊಂಡವು. ಹಾಗಾಗಿ ಈ ಸಾಲಿನಲ್ಲಿ ಉದ್ದ ಹೆಸರು ಊರಿನ ವೈನ್, ಗಿಡ್ಡ ಹೆಸರು ಗ್ರಾಂ ಕ್ರೂ. ಬೆಲೆ ನೋಡಿದರೆ ತಕ್ಷಣ ಗೊತ್ತಾಗುತ್ತದೆ ಬಿಡಿ. ಒಟ್ಟು ಬರ್ಗಂಡಿ ವೈನಿನಲ್ಲಿ ಗ್ರಾಂ ಕ್ರೂ ನೂರಕ್ಕೆ ಒಂದೆರಡು ಪಾಲು ಮಾತ್ರ. ರೊಮಾನೆ-ಕೊಂತಿ ತೋಟ ಇಡೀ ಸೇರಿ 1.8 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ನಾಲ್ಕೂವರೆ ಎಕರೆ. ನಮ್ಮೂರಲ್ಲಾದರೆ ಸಣ್ಣ ಹಿಡುವಳಿ ಅಂತಾರೆ.

ಮಣ್ಣಿಗೆ ದರ್ಜೆ ಕೊಟ್ಟರೆ ಇನ್ನೊಂದು ತೊಂದರೆ. ಕ್ಲೊ ದ ವೂಜೊ ಅನ್ನೋ ಗ್ರಾಂ ಕ್ರೂ ಸುಮಾರು 50 ಹೆಕ್ಟೇರ್, ಕಲ್ಲಿನ ಗೋಡೆ ಕಟ್ಟಿದ ಒಂದೇ ತೋಟ, ಮಾಲೀಕರು ಸುಮಾರು 80 ಜನ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಮಠದ ಕೈ ತಪ್ಪಿದ್ದು, ಆಮೇಲೆ ಮಾರಾಟ, ಮಕ್ಕಳಿಗೆಲ್ಲ ಸಮಪಾಲು, ಹೀಗೆ ಸಾಲು ಸಾಲಾಗಿ ಹರಿದು ಹಂಚಿಹೋಯಿತು. ಒಂದೇ ಹೆಸರಿನ ಲೇಬಲ್, 80 ಥರದ ಕೈ. ಅದಕ್ಕೇ ಬರ್ಗಂಡಿಯಲ್ಲಿ ಮಾಡಿದವರ ಹೆಸರನ್ನು ಜಾಗದ ಹೆಸರಿನಷ್ಟೇ ಗಮನವಿಟ್ಟು ನೋಡಬೇಕು. ತೋಟ ಪೂರ್ತಿ ಒಬ್ಬರದೇ ಆದರೆ "ಮೊನೊಪೋಲ್" ಅಂತ ಹೆಮ್ಮೆಯಿಂದ ಬರೆಯುತ್ತಾರೆ.

ಉಳಿದೆರಡು ಬೇಗ ಹೇಳಿಬಿಡುತ್ತೇನೆ. ಶಾಂಪೇನ್‌ನಲ್ಲಿ ಗ್ರಾಂ ಕ್ರೂ ಅಂದರೆ ಇಡೀ ಹಳ್ಳಿ, ಅಂಥವು 17. ಹಿಂದೆ ದ್ರಾಕ್ಷಿಗೆ ಪೂರ್ತಿ ಬೆಲೆ ಸಿಗುತ್ತಿದ್ದ ಹಳ್ಳಿಗಳು ಇವು. ಅಲ್ಸಾಸ್‌ನಲ್ಲಿ ಹೆಸರಿಟ್ಟ 51 ಇಳಿಜಾರುಗಳು.

ಜಾಗ ನೋಡಿ ದ್ರಾಕ್ಷಿ ಹೇಳುವುದು

ಇದಕ್ಕೆ ಬಾಯಿಪಾಠವೇ ಗತಿ, ಆದರೆ ಸ್ವಲ್ಪ ಸಾಕು. ಬಿಳಿ ಬರ್ಗಂಡಿ ಶಾರ್ಡೊನೆ, ಶಾಬ್ಲಿಯೂ ಅದೇ. ಕೆಂಪು ಬರ್ಗಂಡಿ ಪಿನೊ ನ್ವಾರ್. ಅದರ ತೆಂಕಣಕ್ಕೆ ನಮ್ಮ ಲಿಯೋನ್ ಹತ್ತಿರದ ಬೋಜೊಲೆ ಬಹುಪಾಲು ಗಾಮೆ, ಹಗುರ, ಸ್ವಲ್ಪ ತಣ್ಣಗೆ ಮಾಡಿ ಕುಡಿಯುವಂಥದ್ದು. ಬೋಜೊಲೆಯ ಹತ್ತು ಒಳ್ಳೆಯ ಹಳ್ಳಿಗಳು ತಮ್ಮ ಹೆಸರನ್ನೇ ಹಾಕಿಕೊಳ್ಳುತ್ತವೆ, ಬೋಜೊಲೆ ಅನ್ನೋ ಪದ ಮುಂದೆ ಕಾಣದೇ ಇರಬಹುದು: ಮೊರ್ಗೊಂ, ಫ್ಲೆರಿ, ಮೂಲ್ಯಾಂ-ಆ-ವಾಂ ಇತ್ಯಾದಿ. ಬೆಲೆಗೆ ಇವುಗಳಷ್ಟು ನ್ಯಾಯ ಸಿಗುವುದು ಅಪರೂಪ ಅನ್ನೋದು ನನ್ನ ಅಭಿಪ್ರಾಯ, ಲಿಯೋನ್‌ನವನ ಪಕ್ಷಪಾತ ಅಂದರೂ ಸರಿ. ಉತ್ತರ ರೋನ್ ಸಿರಾ, ಅಂದರೆ ಶಿರಾಜೇ. ದಕ್ಷಿಣ ರೋನ್ ಗ್ರೆನಾಶ್ ಮುಂದಾಳಾಗಿರುವ ಬೆರಕೆ. ಸಾನ್ಸೆರ್ ಬಿಳಿ ಸೊವಿನ್ಯೊಂ ಬ್ಲಾಂ, ವೂವ್ರೆ ಶೆನ್ಯಾಂ. ಮ್ಯುಸ್ಕಾದೆ ಅನ್ನೋ ಬಿಳಿ ವೈನಿಗೂ ಮಸ್ಕತ್ ದ್ರಾಕ್ಷಿಗೂ ಸಂಬಂಧ ಇಲ್ಲ. ಅಲ್ಸಾಸ್ ಮಾತ್ರ ಜರ್ಮನಿಯ ಗಡಿಯಲ್ಲಿ ಇದ್ದು ಅವರ ಪದ್ಧತಿಯ ಹಾಗೆ ರೀಸ್ಲಿಂಗ್, ಪಿನೊ ಗ್ರಿ ಅಂತ ದ್ರಾಕ್ಷಿ ಹೆಸರು ಬರೆಯುತ್ತದೆ.

ಒಂದೇ ಥರ ಕಾಣುವ ಹೆಸರುಗಳು ಇನ್ನೊಂದು ಬಲೆ. ಒಮ್ಮೆ ಮೀನು ಮಾಡಿದ್ದ ದಿನ ಹುಳಿ ಚುರುಕಾಗಿರುವ ಪುಯಿ-ಫ್ಯೂಮೆ ತರೋಣ ಅಂತ ಹೋಗಿ ಪುಯಿ-ಫ್ವಿಸೆ ತಂದೆ. ಮೊದಲನೆಯದು ಲ್ವಾರ್ ನದಿಯ ಸೊವಿನ್ಯೊಂ ಬ್ಲಾಂ. ಎರಡನೆಯದು ಬರ್ಗಂಡಿಯ ತೆಂಕಣ ತುದಿಯ ಶಾರ್ಡೊನೆ, ಮೈ ತುಂಬಿದ ವೈನ್. ಹೆಸರಿನಲ್ಲಿ ಎರಡಕ್ಷರ ವ್ಯತ್ಯಾಸ, ಗ್ಲಾಸಿನಲ್ಲಿ ಅಜಗಜಾಂತರ. ಹಾಗೇ ಮೊಂತಾನ್ಯ್-ಸ್ಯಾಂತೆಮಿಲಿಯೊಂ, ಲ್ಯುಸಾಕ್-ಸ್ಯಾಂತೆಮಿಲಿಯೊಂ ಅಂತ ಸ್ಯಾಂತೆಮಿಲಿಯೊಂಗಿಂತ ಮೊದಲು ಇನ್ನೊಂದು ಹೆಸರು ಇದ್ದರೆ ಅದು ಅಕ್ಕಪಕ್ಕದ ಊರು, ಅಗ್ಗ, ಅದರಲ್ಲಿ ಚೆನ್ನಾಗಿರುವುದೂ ಸಿಗುತ್ತದೆ.

ಅರ್ಥ ಇರುವ ಪದ, ಅಲಂಕಾರದ ಪದ

"ವಿಯೇಯ್ ವೀನ್ಯ್", ಹಳೆ ಬಳ್ಳಿ ಅಂತ. ಎಷ್ಟು ವರ್ಷ ಆದರೆ ಹಳೆಯದು ಅಂತ ಕಾನೂನು ಹೇಳಿಲ್ಲ, ಮಾಡಿದವರ ಮೇಲೆ ನಂಬಿಕೆ ಇದ್ದರೆ ಲೆಕ್ಕಕ್ಕೆ ತಗೊಳ್ಳಿ. "ಗ್ರಾಂ ವ್ಯಾಂ ದ ಬೋರ್ಡೊ" ದರ್ಜೆ ಅಲ್ಲ. "ಕ್ಯುವೆ" ಜೊತೆ ಯಾರ ಹೆಸರಾದರೂ ಬರಬಹುದು, ಅಜ್ಜಿಯದ್ದೂ. ರಿಸರ್ವ್ ಅನ್ನೋದೂ ಹೆಚ್ಚಾಗಿ ಮನೆಯವರ ಇಷ್ಟ. ನಂದಿ ಬೆಟ್ಟದ ಗ್ರೋವರ್‌ನವರ ಲಾ ರಿಸರ್ವ್ ಹೆಸರಿನಲ್ಲೂ ಈ ಪದ ಇದೆ, ಅವರಿಗೆ ಸಲಹೆ ಕೊಟ್ಟವರು ಬೋರ್ಡೊದ ವೈನ್ ತಜ್ಞ ಮಿಶೆಲ್ ರೊಲಾಂ. "ಬೋರ್ಡೊ ಸ್ಯುಪೆರಿಯರ್" ಮಾತ್ರ ನಿಜವಾದ ಎಓಸಿ, ಸಾದಾ ಬೋರ್ಡೊಗಿಂತ ನಿಯಮ ಒಂದು ಸುತ್ತು ಬಿಗಿ.

ಶಾಂಪೇನ್ ಕೊಳ್ಳುವಾಗ ಸಿಹಿಯ ಪದ ನೋಡಲೇಬೇಕು, ಯಾಕೆಂದರೆ ಅದು ಉಲ್ಟಾ. "ಬ್ರ್ಯುತ್" ಅಂದರೆ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ. "ಎಕ್ಸ್‌ಟ್ರಾ ಡ್ರೈ" ಅಂತ ಇದ್ದರೆ ಇನ್ನೂ ಒಣಗಿರುತ್ತದೆ ಅಂದುಕೊಳ್ಳುತ್ತೀರಿ, ಇಲ್ಲ, 12ರಿಂದ 17 ಗ್ರಾಂ. "ದೆಮಿ-ಸೆಕ್" ಅರ್ಧ ಒಣ ಅಂತ ಅರ್ಥ, ಆದರೆ ಲೀಟರಿಗೆ 32ರಿಂದ 50 ಗ್ರಾಂ ಸಕ್ಕರೆ, ಮೈಸೂರು ಪಾಕಿನ ಜೊತೆಗೂ ನಡೆಯುತ್ತದೆ. ವರ್ಷ ಬರೆದಿಲ್ಲದಿದ್ದರೆ ಗಾಬರಿ ಬೇಡ, ಬಹುತೇಕ ಶಾಂಪೇನ್ ಹಲವು ವರ್ಷದ ಬೆರಕೆ. ದುಡ್ಡು ಉಳಿಸಬೇಕು ಅಂದರೆ "ಕ್ರೆಮಾಂ" ಅಂತ ಹುಡುಕಿ. ಅಲ್ಸಾಸ್, ಬೂರ್ಗೋನ್, ಲ್ವಾರ್ ಮುಂತಾದ ಕಡೆ ಇದೇ ರೀತಿ ಬಾಟಲಿಯೊಳಗೇ ನೊರೆ ಬರಿಸಿ ಮಾಡುತ್ತಾರೆ, ಬೆಲೆ ಎಷ್ಟೋ ಕಡಿಮೆ.

ಬೆಂಗಳೂರಿನಲ್ಲಿ ಕೊಳ್ಳುವವರಿಗೆ ಒಂದು ಮಾತು. ಆಮದು ಮಾಡಿದವರ ಚೀಟಿ, ಎಂಆರ್‌ಪಿ ಚೀಟಿ ಅಂತ ಹಿಂಭಾಗದ ಲೇಬಲ್ ಮೇಲೆ ಒಂದಷ್ಟು ಅಂಟಿಸಿರುತ್ತಾರೆ. ಹಾಗಾಗಿ ಮುಂಭಾಗದ ಆ ಸಣ್ಣ ಸಾಲೇ ನಿಮ್ಮ ಆಧಾರ. ಉಚ್ಚಾರಣೆಗೆ ನಾಚಿಕೊಳ್ಳಬೇಡಿ. ಬರೆದ ಹಾಗೆ ಓದಿದರೆ ಬೋರ್ಡಿಯಾಕ್ಸ್, ಮಾರ್ಗಾಕ್ಸ್, ಪಿನೋಟ್ ಅಂತ ಬರುತ್ತದೆ, ಕೊನೆಯ ಅಕ್ಷರ ನುಂಗಿಬಿಟ್ಟರೆ ಅರ್ಧ ಫ್ರೆಂಚ್ ಬಂದ ಹಾಗೇ. ಇಷ್ಟವಾದ ಬಾಟಲಿಯ ಫೋಟೊವನ್ನು ಮೊದಲ ಗ್ಲಾಸಿಗೆ ಮುಂಚೆಯೇ ತೆಗೆದಿಟ್ಟುಕೊಳ್ಳಿ, ಮುಂದೆಯದ್ದು, ಹಿಂದೆಯದ್ದು ಎರಡೂ. ಮೂರನೆಯದು ಮುಗಿದ ಮೇಲೆ ಅದು ಫ್ಯೂಮೆಯೋ ಫ್ವಿಸೆಯೋ ಅಂತ ಯಾರಿಗೂ ನೆನಪಿರುವುದಿಲ್ಲ.